ದುಡ್ಡು ಯಾರ ಕೈಗೆ ಸೇರಬೇಕು?

2000ನೇ ಇಸವಿಯಲ್ಲಿ ಬ್ರಿಟನ್ ಸರ್ಕಾರ ವೃದ್ಧರ ಮೂಲ ಪಿಂಚಣಿಯನ್ನು ಹೆಚ್ಚಿಸಿತು. ವಾರಕ್ಕೆ 66 ಪೌಂಡ್ 75 ಪೆನ್ಸ್ ಇದ್ದದ್ದು 67 ಪೌಂಡ್ 50 ಪೆನ್ಸ್ ಆಯಿತು. ಹೆಚ್ಚಿದ್ದು 75 ಪೆನ್ಸ್, ಆಗಿನ ನಮ್ಮ ಲೆಕ್ಕದಲ್ಲಿ ಐವತ್ತು ರೂಪಾಯಿಯ ಆಸುಪಾಸು. ನಿಯಮದ ಪ್ರಕಾರ ತಪ್ಪೇನೂ ಆಗಿರಲಿಲ್ಲ. ಬೆಲೆ ಎಷ್ಟು ಏರಿತೋ ಪಿಂಚಣಿಯೂ ಅಷ್ಟೇ ಏರಬೇಕೆಂದಿತ್ತು, ಲೆಕ್ಕಕ್ಕೆ ಹಿಡಿದ ಬೆಲೆ ಏರಿಕೆ ಶೇ 1.1 ಮಾತ್ರ. ಆದರೆ ದುಡಿದು ಹಣ್ಣಾದ ಜೀವಗಳಿಗೆ ಅದು ಕೈಗೆ ಚಿಲ್ಲರೆ ಹಾಕಿ ಕಳಿಸಿದಂತೆ ಕಂಡಿತು. ಆ ಸೆಪ್ಟೆಂಬರಿನಲ್ಲಿ ಬ್ರೈಟನ್‌ನಲ್ಲಿ ಲೇಬರ್ ಪಕ್ಷದ ಸಮ್ಮೇಳನ ಸೇರಿದಾಗ, ಪ್ರಧಾನಿ ಟೋನಿ ಬ್ಲೇರ್ ಮತ್ತು ಹಣಕಾಸು ಮಂತ್ರಿ ಗಾರ್ಡನ್ ಬ್ರೌನ್ ಇಬ್ಬರ ಮಾತನ್ನೂ ಮೀರಿ ಪ್ರತಿನಿಧಿಗಳು ಬೇರೊಂದು ಗೊತ್ತುವಳಿಗೆ ಮತ ಹಾಕಿದರು: ಪಿಂಚಣಿ ಏರಬೇಕಾದದ್ದು ದೇಶದ ಸಂಬಳಗಳ ಜೊತೆಗೆ.

ಈ ಹೋರಾಟದಲ್ಲಿ ಮುಂದೆ ನಿಂತವರಲ್ಲಿ ಇಬ್ಬರನ್ನು ನೋಡಬೇಕು. ಒಬ್ಬರು ಬಾರ್ಬರಾ ಕ್ಯಾಸಲ್. 90 ತುಂಬಲು ಕೆಲವೇ ದಿನ ಬಾಕಿ, ಕಣ್ಣು ಬಹುತೇಕ ಹೋಗಿತ್ತು. ಇನ್ನೊಬ್ಬರು 87ರ ಜ್ಯಾಕ್ ಜೋನ್ಸ್, ಒಂದು ಕಾಲಕ್ಕೆ ಸಾರಿಗೆ ಕಾರ್ಮಿಕರ ದೊಡ್ಡ ಸಂಘದ ನಾಯಕ. 31 ವರ್ಷಗಳ ಹಿಂದೆ ಇವರಿಬ್ಬರೂ ಎದುರಾಳಿಗಳಾಗಿದ್ದರು. ಆಗ ಮಂತ್ರಿಯಾಗಿದ್ದ ಕ್ಯಾಸಲ್ ತರಲು ಹೊರಟ ಕಾರ್ಮಿಕ ಕಾನೂನನ್ನು ನೆಲಕಚ್ಚಿಸಿದವರಲ್ಲಿ ಜೋನ್ಸ್ ಪ್ರಮುಖರು. ಆ ಸೋಲಿನಿಂದ ಕ್ಯಾಸಲ್ ಅವರ ರಾಜಕೀಯ ಜೀವನ ಮತ್ತೆ ಮೊದಲಿನ ಎತ್ತರಕ್ಕೆ ಏರಲಿಲ್ಲ. ಅಂಥವರು ಇಳಿವಯಸ್ಸಿನಲ್ಲಿ 75 ಪೆನ್ಸ್‌ಗಾಗಿ ಒಂದೇ ಕಡೆ ನಿಂತಿದ್ದರು.

ಬ್ರಿಟನ್ನಿನ ರಾಜಕೀಯ ಎಂದಾಗ ನಮಗೆ ಚರ್ಚಿಲ್, ಅಟ್ಲಿ, ಥ್ಯಾಚರ್ ನೆನಪಾಗುತ್ತಾರೆ. ಕ್ಯಾಸಲ್ ಹೆಸರು ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ. ಅವರು ಪ್ರಧಾನಿಯಾಗಲಿಲ್ಲ, ಹಣಕಾಸು ಮಂತ್ರಿಯೂ ಆಗಲಿಲ್ಲ. ಆದರೆ ಅವರು ಕೂತು ಎದ್ದ ಒಂದೊಂದು ಇಲಾಖೆಯಿಂದಲೂ ಜನರ ದಿನನಿತ್ಯಕ್ಕೆ ತಟ್ಟುವ ಒಂದೊಂದು ಬದಲಾವಣೆ ಹೊರಬಂತು. ಕುಡಿದು ಗಾಡಿ ಓಡಿಸುವವನ ಉಸಿರು, ಹೊಲಿಗೆ ಯಂತ್ರದ ಮುಂದೆ ಕೂತವಳ ಕೂಲಿ, ತಾಯಿಯ ಪರ್ಸಿಗೆ ಬೀಳುವ ವಾರದ ದುಡ್ಡು. ಸರ್ಕಾರ ಎಷ್ಟು ಖರ್ಚು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಅದು ಕೊನೆಗೆ ಯಾರ ಅಂಗೈಗೆ ತಲುಪುತ್ತದೆ ಎಂದು ಪಟ್ಟುಹಿಡಿದು ಕೇಳಿದ ಮಂತ್ರಿಗಳು ಕಡಿಮೆ. ಕ್ಯಾಸಲ್ ಕೇಳಿದರು. ಅದಕ್ಕಾಗಿಯೇ ಅವರು ನನಗೆ ದೊಡ್ಡವರು.

ಬಾರ್ಬರಾ ಬೆಟ್ಸ್ ಹುಟ್ಟಿದ್ದು 1910ರ ಅಕ್ಟೋಬರ್ 6ರಂದು, ಇಂಗ್ಲೆಂಡಿನ ಚೆಸ್ಟರ್‌ಫೀಲ್ಡ್‌ನಲ್ಲಿ. ಬೆಳೆದದ್ದು ಪಾಂಟಿಫ್ರಾಕ್ಟ್ ಮತ್ತು ಬ್ರ್ಯಾಡ್‌ಫರ್ಡ್‌ನಲ್ಲಿ, ಗಣಿ ಮತ್ತು ಉಣ್ಣೆ ಗಿರಣಿಗಳ ಸೀಮೆಯಲ್ಲಿ. ತಂದೆ ಫ್ರ್ಯಾಂಕ್ ಬೆಟ್ಸ್ ತೆರಿಗೆ ಇಲಾಖೆಯ ಅಧಿಕಾರಿ, ಜೊತೆಗೆ ಕಟ್ಟಾ ಸಮಾಜವಾದಿ. ಸರ್ಕಾರಿ ನೌಕರನಾಗಿದ್ದುಕೊಂಡೇ ಬ್ರ್ಯಾಡ್‌ಫರ್ಡ್‌ನ ಕಾರ್ಮಿಕ ಪತ್ರಿಕೆಯೊಂದರ ಸಂಪಾದಕತ್ವ ನೋಡಿಕೊಳ್ಳುತ್ತಿದ್ದವರು. ತಾಯಿ ಆನಿ ಗಣಿ ಕಾರ್ಮಿಕರಿಗಾಗಿ ಗಂಜಿ ಕೇಂದ್ರ ನಡೆಸಿದವರು. ಆಕ್ಸ್‌ಫರ್ಡ್‌ನಲ್ಲಿ ಓದಿದ ಬಾರ್ಬರಾ ಮೂರನೇ ದರ್ಜೆಯಲ್ಲಿ ಪಾಸಾದರು. 1937ರಲ್ಲಿ ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಥಳೀಯ ಆಡಳಿತ ಮಂಡಳಿಗೆ ಆಯ್ಕೆಯಾದರು. ಅದೇ ಮಂಡಳಿಯಲ್ಲಿ 1934ರಿಂದ ಸದಸ್ಯರಾಗಿದ್ದವರು ಇಂಡಿಯಾ ಲೀಗ್‌ನ ವಿ. ಕೆ. ಕೃಷ್ಣ ಮೆನನ್, ಮುಂದೆ ನಮ್ಮ ರಕ್ಷಣಾ ಮಂತ್ರಿಯಾದವರು. ಭಾರತದ ಸ್ವಾತಂತ್ರ್ಯಕ್ಕೆ ಲಂಡನ್ನಿನಲ್ಲಿ ಹೋರಾಡುತ್ತಿದ್ದ ಮಲಯಾಳಿಯೊಬ್ಬರು, ಬ್ರ್ಯಾಡ್‌ಫರ್ಡ್‌ನ ತೆರಿಗೆ ಅಧಿಕಾರಿಯ ಮಗಳು, ಇಬ್ಬರೂ ಒಂದೇ ಬಡಾವಣೆಗಳ ವಸತಿಗೂ ವಾಚನಾಲಯಕ್ಕೂ ಮತ ಹಾಕುತ್ತಿದ್ದ ಕಾಲ ಅದು.

ಯುದ್ಧದ ದಿನಗಳಲ್ಲಿ ಅವರು ಆಹಾರ ಇಲಾಖೆಯಲ್ಲಿ ಕೆಲಸ ಮಾಡಿದರು, ರಾತ್ರಿ ಬಾಂಬ್ ದಾಳಿಯ ಕಾವಲಿಗೆ ನಿಂತರು. ಆಮೇಲೆ ಡೈಲಿ ಮಿರರ್ ಪತ್ರಿಕೆಗೆ ಬರೆದರು. ಆ ಪತ್ರಿಕೆಯ ರಾತ್ರಿ ಪಾಳಿಯ ಸಂಪಾದಕ ಟೆಡ್ ಕ್ಯಾಸಲ್ ಅವರನ್ನು 1944ರಲ್ಲಿ ಮದುವೆಯಾದರು.

1945ರ ಚುನಾವಣೆಗೆ ಬ್ಲ್ಯಾಕ್‌ಬರ್ನ್ ಕ್ಷೇತ್ರದ ಲೇಬರ್ ಪಕ್ಷ ಸಿದ್ಧಪಡಿಸಿದ ಅಭ್ಯರ್ಥಿಗಳ ಪಟ್ಟಿಯಲ್ಲಿ ಬರೀ ಗಂಡಸರ ಹೆಸರಿತ್ತು. ಅಲ್ಲಿನ ಮಹಿಳಾ ಕಾರ್ಯಕರ್ತರು ಒಬ್ಬ ಹೆಂಗಸಾದರೂ ಪಟ್ಟಿಯಲ್ಲಿರಬೇಕು, ಇಲ್ಲದಿದ್ದರೆ ನಾವು ಪಕ್ಷದ ಕೆಲಸ ಬಿಡುತ್ತೇವೆ ಎಂದರು. ಹಾಗೆ ಸೇರಿದ ಹೆಸರು ಬಾರ್ಬರಾ ಅವರದು. ಹೊರಗಿನವಳು ಎನ್ನಿಸಿಕೊಳ್ಳಬಾರದೆಂದು ಅವರು ಊರಿನ ಒಂದು ಕುಟುಂಬದ ಜೊತೆ ಉಳಿದು, ನೂಲುವುದು ನೇಯುವುದರ ಬಗ್ಗೆ ಕಲಿತರು. ಗೆದ್ದರು. 34 ವರ್ಷದ ಅವರು ಆ ಸಲ ಆಯ್ಕೆಯಾದ 24 ಮಹಿಳೆಯರಲ್ಲಿ ಅತಿ ಕಿರಿಯರು. ಆಮೇಲೆ 1979ರವರೆಗೆ ಆ ಊರು ಅವರನ್ನು ಕೈಬಿಡಲಿಲ್ಲ.

ಬ್ಲ್ಯಾಕ್‌ಬರ್ನ್ ನಮಗೆ ಪೂರ್ತಿ ಅಪರಿಚಿತ ಊರಲ್ಲ. ಅಲ್ಲಿನ ಮಗ್ಗಗಳು ದಶಕಗಳ ಕಾಲ ಭಾರತದ ಮಾರುಕಟ್ಟೆಗೆಂದೇ ಧೋತರ ನೇಯ್ದವು. ಧಾರವಾಡ ಸೀಮೆಯ ಹತ್ತಿ ಲ್ಯಾಂಕಷೈರ್‌ಗೆ ಹಡಗೇರಿ ಹೋಗುತ್ತಿದ್ದ ಕಾಲವೂ ಇತ್ತು. ಸ್ವದೇಶಿ ಚಳವಳಿ ಆ ಮಗ್ಗಗಳ ಸದ್ದಡಗಿಸಿದಾಗ, 1931ರಲ್ಲಿ ಗಾಂಧೀಜಿ ಪಕ್ಕದ ಡಾರ್ವೆನ್‌ಗೆ ಹೋಗಿ ಕೆಲಸ ಕಳೆದುಕೊಂಡ ನೇಕಾರರ ಜೊತೆ ಮಾತಾಡಿ ಬಂದರು. ಅಂಥ ಊರಿನ ಸಂಸದೆಯಾಗಿ ಸಾಮ್ರಾಜ್ಯದ ಪರ ಮಾತಾಡುವುದು ಸುಲಭವಿತ್ತು. ಕ್ಯಾಸಲ್ ಮಾಡಿದ್ದು ಬೇರೆ. 1950ರ ದಶಕದಲ್ಲಿ ಕೀನ್ಯಾದಲ್ಲಿ ಬ್ರಿಟಿಷ್ ಆಡಳಿತ ಕೈದಿಗಳನ್ನು ನಡೆಸಿಕೊಳ್ಳುತ್ತಿದ್ದ ರೀತಿಯನ್ನು ವಿಚಾರಿಸಲು ಸ್ವತಃ ಅಲ್ಲಿಗೆ ಹೋದರು. 1959ರ ಮಾರ್ಚ್‌ನಲ್ಲಿ ಹೋಲಾ ಶಿಬಿರದಲ್ಲಿ 11 ಬಂದಿಗಳು ಸತ್ತರು. ಬಂಡಿಯಲ್ಲಿ ತಂದ ನೀರು ಕುಡಿದು ಸತ್ತರೆಂದು ಮೊದಲು ಅಧಿಕಾರಿಗಳು ಹೇಳಿದರು. ನಿಜವಾಗಿ ಕಾವಲುಗಾರರು ಅವರನ್ನು ಹೊಡೆದು ಕೊಂದಿದ್ದರು. ಆ ಸತ್ಯವನ್ನು ಸಂಸತ್ತಿನ ಮುಂದೆ ಎಳೆದು ತರಲು ಬಿಡದೆ ದುಡಿದವರಲ್ಲಿ ಕ್ಯಾಸಲ್ ಒಬ್ಬರು.

ಅದೇ ಹೊತ್ತಿನ ಇನ್ನೊಂದು ಜಗಳವನ್ನೂ ಹೇಳಬೇಕು. ಕೇಳಲು ಚಿಕ್ಕದು. ಬ್ರಿಟನ್ನಿನ ಸಾರ್ವಜನಿಕ ಶೌಚಾಲಯಗಳಲ್ಲಿ ಗಂಡಸರು ಮೂತ್ರಕ್ಕೆ ಕಾಸು ಕೊಡಬೇಕಿರಲಿಲ್ಲ, ಹೆಂಗಸರು ಒಂದು ಪೆನ್ನಿ ಕೊಡಬೇಕಿತ್ತು. ಎಷ್ಟೋ ಕಡೆ ಹೆಂಗಸರ ಬಾಗಿಲಿಗೆ, ಕಾಸು ಹಾಕಿದರೆ ಮಾತ್ರ ಸುತ್ತುವ, ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಕಬ್ಬಿಣದ ಗೇಟು. ಬಸುರಿಯ ಹೊಟ್ಟೆ ಅದರಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕಂಕುಳಲ್ಲಿ ಮಗು, ಕೈಯಲ್ಲಿ ಸಂತೆ ಚೀಲ ಹಿಡಿದವಳಿಗೆ ಅದರೊಳಗೆ ನುಸುಳುವುದೇ ಒಂದು ಕಷ್ಟ. ಕ್ಯಾಸಲ್ ಮತ್ತು ಬೇರೆ ಪಕ್ಷದ ಸಂಸದೆಯರೂ ಇದರ ಬೆನ್ನುಬಿದ್ದರು. 1963ರಲ್ಲಿ ಆ ಗೇಟುಗಳನ್ನು ತೆಗೆಸುವ ಕಾನೂನೇ ಬಂತು. ಸಂಸತ್ತಿಗೆ ಇದೂ ಒಂದು ಕೆಲಸವೇ ಎಂದು ಕೇಳುವವರು ತಿರುಗುವ ಕಬ್ಬಿಣದ ನಡುವೆ ಒಮ್ಮೆಯೂ ಸಿಕ್ಕಿಕೊಂಡವರಲ್ಲ.

1964ರಲ್ಲಿ ಹೆರಾಲ್ಡ್ ವಿಲ್ಸನ್ ಪ್ರಧಾನಿಯಾದಾಗ ಕ್ಯಾಸಲ್ ಸಂಪುಟ ಸೇರಿದರು. ಬ್ರಿಟನ್ನಿನ ಸಂಪುಟದಲ್ಲಿ ಕೂತ ನಾಲ್ಕನೇ ಮಹಿಳೆ. ಮೊದಲು ಸಿಕ್ಕಿದ್ದು ಬಡ ದೇಶಗಳಿಗೆ ನೆರವು ನೀಡುವ ಹೊಸ ಇಲಾಖೆ. 1965ರ ಡಿಸೆಂಬರ್‌ನಲ್ಲಿ ವಿಲ್ಸನ್ ಅವರಿಗೆ ಸಾರಿಗೆ ಕೊಟ್ಟರು. ಕ್ಯಾಸಲ್ ಅವರಿಗೆ ಕಾರು ಓಡಿಸಲು ಬರುತ್ತಿರಲಿಲ್ಲ. ಪತ್ರಿಕೆಗಳಿಗೆ ಇದಕ್ಕಿಂತ ದೊಡ್ಡ ಹಬ್ಬ ಬೇಕಿರಲಿಲ್ಲ.

ಆಗ ಬ್ರಿಟನ್ನಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 8,000 ಜನ ಸಾಯುತ್ತಿದ್ದರು. 1966ರ ಲೆಕ್ಕ 7,985. ಕುಡಿದು ಓಡಿಸುವುದು ಅಪರಾಧ ಎಂದು ಕಾನೂನು ಮೊದಲೇ ಹೇಳಿತ್ತು. ಆದರೆ ಯಾವ ಮಟ್ಟ ದಾಟಿದರೆ ಕುಡಿದಂತೆ ಎಂಬುದಕ್ಕೆ ಅಳತೆಯೇ ಇರಲಿಲ್ಲ. ಠಾಣೆಗೆ ಕರೆದೊಯ್ದು ಸೀಮೆಸುಣ್ಣದ ಗೆರೆಯ ಮೇಲೆ ನಡೆಸುವುದು, ನಾಲಿಗೆ ತೊಡರುವ ಮಾತು ಹೇಳಿಸುವುದು, ಇಂಥವೇ ಪರೀಕ್ಷೆ. ಗಟ್ಟಿ ಕುಡುಕ ಗೆರೆಯ ಮೇಲೆ ನೆಟ್ಟಗೆ ನಡೆದು ಮನೆಗೆ ಹೋಗುತ್ತಿದ್ದ. ನ್ಯಾಯಾಲಯದಲ್ಲಿ ಪಂಚರಾಗಿ ಕೂತವರೂ ನಾಳೆ ಈ ಜಾಗದಲ್ಲಿ ನಾನೇ ಇರಬಹುದಲ್ಲ ಎಂದು ಎಣಿಸಿ ಬಿಟ್ಟುಬಿಡುತ್ತಿದ್ದರು. ನಾರ್ವೆ 1936ರಲ್ಲೇ ರಕ್ತದಲ್ಲಿ ಮದ್ಯದ ಮಿತಿಯನ್ನು ಅಂಕಿಯಲ್ಲಿ ನಿಗದಿ ಮಾಡಿತ್ತು. ಬ್ರಿಟನ್ ಮೂರು ದಶಕ ಹಿಂದಿತ್ತು.

ಕ್ಯಾಸಲ್ ತಂದ 1967ರ ರಸ್ತೆ ಸುರಕ್ಷತಾ ಕಾನೂನು 100 ಮಿಲಿಲೀಟರ್ ರಕ್ತದಲ್ಲಿ 80 ಮಿಲಿಗ್ರಾಂ ಮದ್ಯ ಎಂಬ ಮಿತಿ ಹಾಕಿತು. ಅಳೆಯುವ ಸಾಧನ ಸರಳವಾಗಿತ್ತು: ಬೆರಳಿನಷ್ಟು ಗಾತ್ರದ ಗಾಜಿನ ಕೊಳವೆ, ಅದರೊಳಗೆ ಹಳದಿ ಹರಳು, ಕೊನೆಗೆ ಒಂದು ಪ್ಲಾಸ್ಟಿಕ್ ಚೀಲ. ಚಾಲಕ ಊದಿ ಚೀಲ ತುಂಬಿಸಬೇಕು. ಉಸಿರಿನಲ್ಲಿ ಮದ್ಯವಿದ್ದರೆ ಹಳದಿ ಹರಳು ಹಸಿರಾಗುತ್ತಾ ಹೋಗುತ್ತದೆ. ಹಸಿರು ಕೊಳವೆಯ ಮೇಲಿನ ಗೆರೆ ದಾಟಿದರೆ ಠಾಣೆಗೆ ಕರೆದೊಯ್ದು ರಕ್ತ ಅಥವಾ ಮೂತ್ರ ಪರೀಕ್ಷೆ. ಮನುಷ್ಯನ ದೇಹ ತಾನೇ ಸಾಕ್ಷಿ ಹೇಳಿತು, ಪೊಲೀಸಿನ ಊಹೆಗೂ ಪಂಚರ ಕರುಣೆಗೂ ಎಡೆ ಉಳಿಯಲಿಲ್ಲ.

ಯಾರನ್ನು ಬೇಕಾದರೂ ಎಲ್ಲಿ ಬೇಕಾದರೂ ತಡೆದು ಊದಿಸುವ ಅಧಿಕಾರ ಇರಬೇಕೆಂದು ಅವರ ಮೊದಲ ಮಸೂದೆಯಲ್ಲಿತ್ತು. ವಿರೋಧ ಬಲವಾಗಿ, ಅನುಮಾನ ಬಂದಾಗ, ಸಂಚಾರ ನಿಯಮ ಮುರಿದಾಗ ಅಥವಾ ಅಪಘಾತವಾದಾಗ ಮಾತ್ರ ಎಂದು ಇಳಿಸಬೇಕಾಯಿತು. 1967ರ ಅಕ್ಟೋಬರ್‌ನಲ್ಲಿ ಜಾರಿಯಾದಾಗ ಪಬ್ ಮಾಲೀಕರು ಸಿಡಿದೆದ್ದರು. ನೀನು ಹೆಂಗಸು, ಗಾಡಿ ಓಡಿಸುವವಳಲ್ಲ, ನಿನಗೇನು ಗೊತ್ತು ಎಂಬ ಮಾತನ್ನು ಅವರು ರೇಡಿಯೋ ಸಂದರ್ಶನದಲ್ಲೇ ಎದುರಿಸಬೇಕಾಯಿತು. ಕೊಲೆ ಬೆದರಿಕೆಯ ಪತ್ರಗಳೂ ಬಂದವು. ಮೊದಲ ವರ್ಷದಲ್ಲಿ ರಸ್ತೆ ಸಾವು 1,152 ಕಡಿಮೆಯಾಯಿತು. ಆ ಸಾವಿರದ ನೂರೈವತ್ತೆರಡು ಜನರಿಗೆ ತಾವು ಬದುಕುಳಿದವರು ಎಂದು ಗೊತ್ತೂ ಇರಲಿಲ್ಲ. ಸಾವು ತಪ್ಪಿದವನು ಬಂದು ಮಂತ್ರಿಗೆ ಹಾರ ಹಾಕುವುದಿಲ್ಲ. ಬೆದರಿಕೆ ಪತ್ರ ಬರೆದವನಿಗೆ ಮಾತ್ರ ಹೆಸರಿರುತ್ತದೆ, ವಿಳಾಸವಿರುತ್ತದೆ. ಈಗ ಬ್ರಿಟನ್ನಿನ ರಸ್ತೆಗಳಲ್ಲಿ ವಾಹನಗಳು ಎಷ್ಟೋ ಪಟ್ಟು ಹೆಚ್ಚಿವೆ, ಸಾವು ವರ್ಷಕ್ಕೆ 1,600ರ ಆಸುಪಾಸು. ನಮ್ಮಲ್ಲಿ ಕಾಗದದ ಮೇಲಿನ ಮಿತಿ ಇನ್ನೂ ಬಿಗಿ, 100 ಮಿಲಿಲೀಟರ್‌ಗೆ 30 ಮಿಲಿಗ್ರಾಂ. 2022ರಲ್ಲಿ ಭಾರತದ ರಸ್ತೆಗಳಲ್ಲಿ ಸತ್ತವರು 1,68,491 ಜನ.

ಹೊಸ ಕಾರುಗಳಿಗೆ ಮುಂದಿನ ಸೀಟಿನ ಬೆಲ್ಟ್ ಕಡ್ಡಾಯವಾದದ್ದು, ಮೋಟಾರು ಹೆದ್ದಾರಿಯಲ್ಲಿ ಪ್ರಯೋಗಕ್ಕೆಂದು ತಂದ ಗಂಟೆಗೆ 70 ಮೈಲಿ ಮಿತಿ ಕಾಯಂ ಆದದ್ದು ಕ್ಯಾಸಲ್ ಅವರ ಕಾಲದಲ್ಲೇ. 1968ರ ಸಾರಿಗೆ ಕಾನೂನು, ಲಾಭ ತಾರದಿದ್ದರೂ ಜನರಿಗೆ ಬೇಕಾದ ರೈಲು ಮಾರ್ಗಗಳಿಗೆ ಸರ್ಕಾರ ಹಣ ಕೊಡಬಹುದು ಎಂಬ ದಾರಿ ತೆರೆಯಿತು. ಅವರೇ ಕೆಲವು ಮಾರ್ಗಗಳನ್ನು ಮುಚ್ಚಿದ್ದೂ ಉಂಟು.

ಆ ವರ್ಷದ ಏಪ್ರಿಲ್‌ನಲ್ಲಿ ಅವರಿಗೆ ಉದ್ಯೋಗ ಇಲಾಖೆ ಬಂತು. ಎರಡೇ ತಿಂಗಳಲ್ಲಿ, ಜೂನ್ 7ರಂದು, ಲಂಡನ್ ಅಂಚಿನ ಡ್ಯಾಗೆನಮ್‌ನ ಫೋರ್ಡ್ ಕಾರ್ಖಾನೆಯಲ್ಲಿ 187 ಹೆಂಗಸರು ಹೊಲಿಗೆ ಯಂತ್ರ ಬಿಟ್ಟು ಎದ್ದರು. ಅವರ ಕೆಲಸ ಕಾರಿನ ಸೀಟಿಗೆ ಕವರು ಹೊಲಿಯುವುದು. ಸೇರುವ ಮೊದಲು ಯಂತ್ರದ ಮೇಲೆ ಪರೀಕ್ಷೆ ಪಾಸು ಮಾಡಬೇಕಿತ್ತು. ಆದರೂ ಕಂಪನಿ ಹೊಸದಾಗಿ ಕೆಲಸಗಳನ್ನು ದರ್ಜೆ ಮಾಡಿದಾಗ ಇವರನ್ನು ಕುಶಲ ಕೆಲಸದ ಸಿ ದರ್ಜೆಗೆ ಸೇರಿಸದೆ ಕೆಳಗಿನ ಬಿ ದರ್ಜೆಯಲ್ಲಿಟ್ಟಿತು. ಅಷ್ಟೇ ಅಲ್ಲ, ಬಿ ದರ್ಜೆಯ ಗಂಡಸಿಗೆ ಸಿಗುವ ಕೂಲಿಯಲ್ಲಿ ಹೆಂಗಸಿಗೆ ಕೊಡುತ್ತಿದ್ದದ್ದು ಶೇ 85. ಅಂದರೆ ಎರಡು ಅನ್ಯಾಯ, ಒಂದರ ಮೇಲೊಂದು. ಸೀಟಿಲ್ಲದೆ ಕಾರು ಹೊರಗೆ ಹೋಗುವುದಿಲ್ಲ. ಮೂರು ವಾರದಲ್ಲಿ ಉತ್ಪಾದನೆ ನಿಂತಿತು.

ಕ್ಯಾಸಲ್ ಆ ಹೆಂಗಸರ ಪ್ರತಿನಿಧಿಗಳನ್ನು ತಮ್ಮ ಕಚೇರಿಗೆ ಕರೆದು ಚಹಾ ಕೊಟ್ಟು ಕೂತು ಮಾತಾಡಿದರು. ಬಿ ದರ್ಜೆಯ ಗಂಡಸಿನ ಕೂಲಿಯ ಶೇ 92 ಕೊಡುವುದೆಂದು ಒಪ್ಪಂದವಾಯಿತು. ಈ ಕಥೆ 2010ರಲ್ಲಿ ಸಿನಿಮಾ ಆಗಿದೆ, ಅದರಲ್ಲಿ ಇದು ಗೆಲುವಿನ ಕ್ಷಣ. ನನಗೆ ಹಾಗನ್ನಿಸುವುದಿಲ್ಲ. ಆ ಹೆಂಗಸರು ಮೊದಲು ಕೇಳಿದ್ದು ನಮ್ಮ ಕೆಲಸ ಕುಶಲ ಕೆಲಸವೆಂದು ಒಪ್ಪಿ ಎಂಬುದನ್ನು. ಅದು ಆ ದಿನ ಸಿಗಲಿಲ್ಲ. 1984ರಲ್ಲಿ ಮತ್ತೆ ವಾರಗಟ್ಟಲೆ ಮುಷ್ಕರ ಹೂಡಿದ ಮೇಲೆಯೇ ಸಿ ದರ್ಜೆ ಅವರ ಪಾಲಿಗೆ ಬಂದದ್ದು.

ಆದರೆ ಕ್ಯಾಸಲ್ ಅಲ್ಲಿಗೆ ನಿಲ್ಲಲಿಲ್ಲ ಎಂಬುದು ಅವರ ಹೆಚ್ಚುಗಾರಿಕೆ. ಸಮಾನ ವೇತನದ ಗೊತ್ತುವಳಿಯನ್ನು ಬ್ರಿಟನ್ನಿನ ಕಾರ್ಮಿಕ ಸಂಘಗಳ ಒಕ್ಕೂಟ 1888ರಲ್ಲೇ ಅಂಗೀಕರಿಸಿತ್ತು. 1944ರಲ್ಲಿ ಶಿಕ್ಷಕಿಯರಿಗೆ ಸಮಾನ ವೇತನ ಕೊಡಬೇಕೆಂಬ ತಿದ್ದುಪಡಿ ಸಂಸತ್ತಿನಲ್ಲಿ 117ಕ್ಕೆ 116ರಂತೆ ಒಂದು ಮತದಿಂದ ಗೆದ್ದಿತ್ತು. ಚರ್ಚಿಲ್ ಅದನ್ನು ವಿಶ್ವಾಸಮತದ ಪ್ರಶ್ನೆ ಮಾಡಿ ಮರುದಿನಗಳಲ್ಲೇ ಹೊಡೆದುಹಾಕಿಸಿದ್ದರು. ಹೀಗೆ ಎಂಬತ್ತು ವರ್ಷ ಬರೀ ಬಾಯಿಮಾತಿನಲ್ಲಿ ಕಳೆದುಹೋಗಿತ್ತು. ಕ್ಯಾಸಲ್ ಮಂಡಿಸಿದ ಸಮಾನ ವೇತನ ಕಾನೂನು 1970ರ ಮೇ 29ರಂದು ಅಂಗೀಕಾರವಾಯಿತು, ಚುನಾವಣೆಯಲ್ಲಿ ಅವರ ಸರ್ಕಾರ ಸೋಲುವ ಮೂರು ವಾರ ಮೊದಲು. ಮಾಲೀಕರಿಗೆ ಹೊಂದಿಕೊಳ್ಳಲು ಸಮಯ ಕೊಟ್ಟು ಜಾರಿಯಾದದ್ದು 1975ರ ಕೊನೆಗೆ. ಒಂದೇ ಥರದ ಕೆಲಸಕ್ಕೆ ಒಂದೇ ಕೂಲಿ ಎಂದಿತು ಅದು. ಹೊಲಿಗೆ ಕೊಠಡಿಯಂತೆ ಹೆಂಗಸರೇ ತುಂಬಿದ ಜಾಗದಲ್ಲಿ ಹೋಲಿಸಲು ಗಂಡಸೇ ಇಲ್ಲದಿದ್ದರೆ? ಸಮಾನ ಮೌಲ್ಯದ ಕೆಲಸಕ್ಕೆ ಸಮಾನ ಕೂಲಿ ಎಂಬ ನಿಯಮ 1984ರವರೆಗೆ ಕಾಯಬೇಕಾಯಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಸಮಾನ ವೇತನ ಒಪ್ಪಂದಕ್ಕೆ ಭಾರತ 1958ರಲ್ಲೇ ಅನುಮೋದನೆ ಕೊಟ್ಟಿತ್ತು, ಬ್ರಿಟನ್ ಕೊಟ್ಟದ್ದು 1971ರಲ್ಲಿ. ಹಾಗೆಂದು ನಾವು ಬೀಗುವಂತಿಲ್ಲ, ನಮ್ಮ ಕಾನೂನು ಬಂದದ್ದು 1976ರಲ್ಲಿ.

ಇನ್ನು ಅವರ ದೊಡ್ಡ ಸೋಲು. ಆಗ ಬ್ರಿಟನ್ನಿನಲ್ಲಿ ನಡೆಯುತ್ತಿದ್ದ ಮುಷ್ಕರಗಳಲ್ಲಿ ಬಹುಪಾಲು, ಸಂಘದ ಮುಖಂಡರ ಒಪ್ಪಿಗೆಯಿಲ್ಲದೆ ಕಾರ್ಖಾನೆಯ ಮಟ್ಟದಲ್ಲಿ ದಿಢೀರೆಂದು ಏಳುವಂಥವು. 1969ರ ಜನವರಿಯಲ್ಲಿ ಕ್ಯಾಸಲ್ ಒಂದು ಶ್ವೇತಪತ್ರ ತಂದರು. ಕಾರ್ಮಿಕರಿಗೆ ಸಂಘ ಸೇರುವ ಹಕ್ಕು, ಅನ್ಯಾಯವಾಗಿ ಕೆಲಸದಿಂದ ತೆಗೆಯುವುದರ ವಿರುದ್ಧ ರಕ್ಷಣೆ ಅದರಲ್ಲಿತ್ತು. ಜೊತೆಗೆ, ಇಂಥ ಮುಷ್ಕರಗಳಿಗೆ 28 ದಿನ ತಡೆ ಹಾಕುವ, ಮುಷ್ಕರಕ್ಕೆ ಮೊದಲು ಮತ ಹಾಕಿಸುವ, ಮೀರಿದರೆ ದಂಡ ವಿಧಿಸುವ ಅಧಿಕಾರ ಮಂತ್ರಿಗೆ. ಸಂಘಗಳು ಕೆರಳಿದವು. ಜ್ಯಾಕ್ ಜೋನ್ಸ್ ಮತ್ತು ಇನ್ನೊಬ್ಬ ಸಂಘ ನಾಯಕ ಹ್ಯೂ ಸ್ಕ್ಯಾನ್ಲನ್ ಎದುರು ನಿಂತರು. ಸಂಪುಟದೊಳಗೇ ಎತ್ತು ಏರಿಗೆ, ಕೋಣ ನೀರಿಗೆ ಎಳೆಯಿತು. ಗೃಹಮಂತ್ರಿ ಜಿಮ್ ಕ್ಯಾಲಹನ್ ಬಹಿರಂಗವಾಗಿಯೇ ವಿರೋಧಿಸಿದರು. ಜೂನ್ 18ರಂದು ಸಂಘಗಳು ಬರೆದುಕೊಟ್ಟ ಒಂದು ಆಶ್ವಾಸನೆ ಪಡೆದು ಸರ್ಕಾರ ಮಸೂದೆಯನ್ನು ಕೈಬಿಟ್ಟಿತು. ಅಲ್ಲಿಯವರೆಗೆ ಕ್ಯಾಸಲ್ ಒಂದು ದಿನ ಪ್ರಧಾನಿಯಾಗಬಹುದು ಎನ್ನುತ್ತಿದ್ದವರು ಸುಮ್ಮನಾದರು. ಅವರ ಲೆಕ್ಕಾಚಾರ ತಪ್ಪಿತ್ತೆಂದು ನನಗೂ ಅನ್ನಿಸುತ್ತದೆ. ಡ್ಯಾಗೆನಮ್‌ನ ಹೆಂಗಸರ ಎದುರು ಚಹಾ ಹಿಡಿದು ಕೂತು ಕೇಳಿಸಿಕೊಂಡ ತಾಳ್ಮೆಯನ್ನು ಅವರು ಸಂಘಗಳ ಜೊತೆ ಮಸೂದೆಯ ಮೊದಲು ತೋರಿಸಲಿಲ್ಲ.

1974ರಲ್ಲಿ ಲೇಬರ್ ಮರಳಿತು. ಕ್ಯಾಸಲ್ ಆರೋಗ್ಯ ಮತ್ತು ಸಾಮಾಜಿಕ ಸೇವೆಗಳ ಮಂತ್ರಿಯಾದರು. ಎರಡೇ ವರ್ಷ. ಆದರೆ ಅವರ ಹೆಸರು ನಿಲ್ಲುವುದು ಈ ಎರಡು ವರ್ಷದಿಂದ. ಬೆಲೆ ಅಥವಾ ಸಂಬಳ, ಯಾವುದು ಹೆಚ್ಚು ಏರುತ್ತದೋ ಅದರ ಜೊತೆ ಪಿಂಚಣಿ ಏರಬೇಕೆಂಬ ನಿಯಮ ಬಂದದ್ದು ಆಗ. ಥ್ಯಾಚರ್ ಸರ್ಕಾರ 1980ರಲ್ಲಿ ಸಂಬಳದ ಕೊಂಡಿ ಕಳಚಿ ಬೆಲೆಯ ಕೊಂಡಿ ಮಾತ್ರ ಉಳಿಸಿತು. 75 ಪೆನ್ಸ್ ಹುಟ್ಟಿದ್ದು ಅಲ್ಲಿಂದ. ಮಕ್ಕಳನ್ನು ಸಾಕಲು ಕೆಲಸ ಬಿಟ್ಟ ವರ್ಷಗಳಿಗಾಗಿ ಹೆಂಗಸಿನ ಪಿಂಚಣಿ ಕತ್ತರಿಸಬಾರದೆಂಬ ಏರ್ಪಾಡೂ ಕ್ಯಾಸಲ್ ಅವರದೇ. ನಡೆಯಲಾಗದವರಿಗೆ ಅದುವರೆಗೆ ಸರ್ಕಾರ ಮೂರು ಚಕ್ರದ ಸಣ್ಣ ಗಾಡಿ ಕೊಡುತ್ತಿತ್ತು. ಅದನ್ನು ಓಡಿಸಬಲ್ಲವರಿಗೆ ಮಾತ್ರ ಅದು ಉಪಯೋಗ. ಗಾಡಿ ಓಡಿಸಲಾರದವರಿಗೂ ಓಡಾಟದ ಭತ್ಯೆ ಸಿಗುವಂತಾಯಿತು.

ಒಂದು ಕಲೆಯನ್ನೂ ಹೇಳಲೇಬೇಕು. ಮನೆಯ ಅಂಗವಿಕಲರ ಆರೈಕೆಗೆಂದು ಕೆಲಸ ಬಿಟ್ಟವರಿಗೆ ಅದೇ ಕಾಲದಲ್ಲಿ ಭತ್ಯೆ ಬಂತು. ಆದರೆ ಮದುವೆಯಾದ ಹೆಂಗಸರಿಗೆ ಅದು ಇಲ್ಲ. ಗೃಹಿಣಿ ಹೇಗೂ ಮನೆಯಲ್ಲೇ ಇರುತ್ತಾಳಲ್ಲ ಎಂಬ ಲೆಕ್ಕ. ಹೆಂಗಸರ ದುಡಿಮೆಗೆ ಬೆಲೆ ಕಟ್ಟಲು ಜೀವಮಾನ ಸವೆಸಿದ ಮಂತ್ರಿಯ ಇಲಾಖೆಯಿಂದಲೇ ಇದು ಬಂತು ಎಂಬುದು ಓದುವಾಗ ಚುಚ್ಚುತ್ತದೆ. ಯುರೋಪಿನ ನ್ಯಾಯಾಲಯ 1986ರಲ್ಲಿ ತಪ್ಪೆಂದು ತೀರ್ಪು ಕೊಡುವವರೆಗೆ ಅದು ಹಾಗೇ ಇತ್ತು.

ಇನ್ನು ಮಕ್ಕಳ ಭತ್ಯೆ. ಅದುವರೆಗೆ ಮಕ್ಕಳ ಹೆಸರಿನಲ್ಲಿ ಸರ್ಕಾರದ ದುಡ್ಡು ಎರಡು ದಾರಿಯಲ್ಲಿ ಹೋಗುತ್ತಿತ್ತು. ಒಂದು, ಆದಾಯ ತೆರಿಗೆಯಲ್ಲಿ ರಿಯಾಯಿತಿ. ಅದು ಸಾಮಾನ್ಯವಾಗಿ ತಂದೆಯ ಸಂಬಳದ ಲಕೋಟೆಯಲ್ಲಿ ಕಾಣುತ್ತಿತ್ತು, ತೆರಿಗೆ ಕಟ್ಟುವಷ್ಟು ಆದಾಯವೇ ಇಲ್ಲದ ಬಡವರಿಗೆ ಏನೂ ಇಲ್ಲ. ಎರಡು, 1946ರಿಂದ ಬಂದ ಕುಟುಂಬ ಭತ್ಯೆ. ಅದು ತಾಯಿಯ ಕೈಗೆ ಸಿಗುತ್ತಿತ್ತು, ಆದರೆ ಎರಡನೇ ಮಗುವಿನಿಂದ ಮಾತ್ರ. ಕ್ಯಾಸಲ್ ತಂದ 1975ರ ಕಾನೂನು ಎರಡನ್ನೂ ಕಲಸಿ ಒಂದು ಮಾಡಿತು. ಮೊದಲ ಮಗುವಿನಿಂದಲೇ, ಪ್ರತಿ ಮಗುವಿಗೂ, ತೆರಿಗೆಯಿಲ್ಲದೆ, ವಾರವಾರ, ತಾಯಿಗೆ.

ಕೇಳಲು ಇದು ಲೆಕ್ಕಪತ್ರದ ಬದಲಾವಣೆ. ಸರ್ಕಾರದ ಬೊಕ್ಕಸಕ್ಕೆ ಹೆಚ್ಚು ಕಡಿಮೆ ಅದೇ ದುಡ್ಡು. ಮನೆಯೊಳಗೆ ಮಾತ್ರ ಅದು ಗಂಡನ ಜೇಬಿನಿಂದ ಹೆಂಡತಿಯ ಪರ್ಸಿಗೆ ದಾಟುತ್ತಿತ್ತು. ಆ ದೂರ ಎಷ್ಟೆಂದು ನಮ್ಮ ಅಜ್ಜಿಯರಿಗೆ ಗೊತ್ತಿತ್ತು. ಸಾಸಿವೆ ಡಬ್ಬಿಯ ತಳದಲ್ಲಿ, ಮಡಿಸಿಟ್ಟ ಸೀರೆಯ ಪದರದಲ್ಲಿ ಅವರು ಕೂಡಿಟ್ಟ ನೋಟುಗಳಿಂದ ಎಷ್ಟು ಮಕ್ಕಳ ಶಾಲಾ ಫೀಸು ಕಟ್ಟಿದೆ, ಎಷ್ಟು ಜ್ವರಕ್ಕೆ ಔಷಧಿ ಬಂದಿದೆ! ಕೇಳಿ ಪಡೆಯುವ ದುಡ್ಡಿಗೂ ತನ್ನದೇ ಎನ್ನುವ ದುಡ್ಡಿಗೂ ಇರುವ ಅಂತರ ಯಾವ ಬಜೆಟ್ ಪುಸ್ತಕದಲ್ಲೂ ನಮೂದಾಗುವುದಿಲ್ಲ. 2023ರ ಆಗಸ್ಟ್‌ನಲ್ಲಿ ಕರ್ನಾಟಕ ಗೃಹಲಕ್ಷ್ಮಿ ಯೋಜನೆಯಡಿ ತಿಂಗಳಿಗೆ 2,000 ರೂಪಾಯಿಯನ್ನು ಮನೆಯ ಯಜಮಾನಿಯ ಖಾತೆಗೇ ಹಾಕಲು ಹೊರಟಾಗ ಎದ್ದ ಚರ್ಚೆಗಳಲ್ಲಿ ನನಗೆ ಮತ್ತೆ ಮತ್ತೆ ನೆನಪಾದದ್ದು ಬ್ರಿಟನ್ನಿನ ಈ ಜಗಳ.

ಏಕೆಂದರೆ ಅಲ್ಲಿಯೂ ಜಗಳವಾಯಿತು. 1976ರ ಏಪ್ರಿಲ್ 5ರಂದು ವಿಲ್ಸನ್ ಜಾಗಕ್ಕೆ ಕ್ಯಾಲಹನ್ ಪ್ರಧಾನಿಯಾದರು, 1969ರಲ್ಲಿ ಎದುರು ನಿಂತ ಅದೇ ಕ್ಯಾಲಹನ್. ಮೂರು ದಿನ ಕಳೆಯುವುದರೊಳಗೆ ಕ್ಯಾಸಲ್ ಅವರನ್ನು ಸಂಪುಟದಿಂದ ತೆಗೆದರು. ಕಿರಿಯರಿಗೆ ಜಾಗ ಬೇಕು ಎಂಬುದು ಕಾರಣ. ಕ್ಯಾಸಲ್ ಅವರಿಗೆ 65, ಹಾಗೆ ಹೇಳಿದ ಕ್ಯಾಲಹನ್‌ಗೆ 64. ಮಕ್ಕಳ ಭತ್ಯೆ ಇನ್ನೂ ಜಾರಿಯಾಗಿರಲಿಲ್ಲ. ಮೇ ತಿಂಗಳಲ್ಲಿ ಸಂಪುಟ ಅದನ್ನು ಮುಂದಕ್ಕೆ ಹಾಕಲು ತೀರ್ಮಾನಿಸಿತು. ಆಗ ಸಂಬಳ ಏರಿಕೆಗೆ ಸರ್ಕಾರವೇ ಮಿತಿ ಹಾಕಿದ್ದ ಕಾಲ. ತೆರಿಗೆ ರಿಯಾಯಿತಿ ಹೋಗಿ ಗಂಡಸಿನ ಕೈಗೆ ಬರುವ ಸಂಬಳ ಇಳಿದರೆ ಕಾರ್ಮಿಕರು ಸುಮ್ಮನಿರುವುದಿಲ್ಲ ಎಂಬ ಭಯ. ತಾಯಿಗೆ ಹೋಗುವ ದುಡ್ಡೂ ಅದೇ ಮನೆಗೆ ಹೋಗುತ್ತದೆ ಎಂಬುದು ಆ ಲೆಕ್ಕದಲ್ಲಿ ಬರಲೇ ಇಲ್ಲ.

ಸಂಪುಟದ ಈ ಗುಟ್ಟಿನ ಕಾಗದಗಳು ಮಕ್ಕಳ ಬಡತನದ ವಿರುದ್ಧ ದುಡಿಯುತ್ತಿದ್ದ ಫ್ರ್ಯಾಂಕ್ ಫೀಲ್ಡ್ ಅವರ ಕೈಗೆ ಸಿಕ್ಕವು. ಜೂನ್‌ನಲ್ಲಿ ಅವರು ಅದನ್ನು ನ್ಯೂ ಸೊಸೈಟಿ ವಾರಪತ್ರಿಕೆಯಲ್ಲಿ ಬಯಲು ಮಾಡಿದರು. ದೊಡ್ಡ ಗದ್ದಲವಾಯಿತು. ಹಿಂದಿನ ಬೆಂಚಿಗೆ ಸರಿದಿದ್ದ ಕ್ಯಾಸಲ್ ತಮ್ಮದೇ ಸರ್ಕಾರದ ಮೇಲೆ ಮುಗಿಬಿದ್ದರು. ಕೊನೆಗೆ ಸರ್ಕಾರ ಹಂತಹಂತವಾಗಿ ಕೊಡಲು ಒಪ್ಪಿತು. 1977ರ ಏಪ್ರಿಲ್‌ನಲ್ಲಿ ಮೊದಲ ಮಗುವಿಗೆ ವಾರಕ್ಕೆ ಒಂದು ಪೌಂಡಿನಿಂದ ಆರಂಭ, 1979ರ ಏಪ್ರಿಲ್ ಹೊತ್ತಿಗೆ ಪ್ರತಿ ಮಗುವಿಗೂ 4 ಪೌಂಡ್. ಸಂಪುಟದ ಸಭೆಗಳಲ್ಲಿ ಕ್ಯಾಸಲ್ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಆ ದಿನಚರಿಗಳು 1980ರಿಂದ ಪುಸ್ತಕಗಳಾಗಿ ಬಂದವು. ಮಂತ್ರಿಗಳು ಮುಚ್ಚಿದ ಬಾಗಿಲ ಹಿಂದೆ ಹೇಗೆ ವಾದಿಸುತ್ತಾರೆಂದು ತಿಳಿಯಲು ಇವತ್ತಿಗೂ ಅವುಗಳನ್ನೇ ತೆಗೆದು ನೋಡುತ್ತಾರೆ.

ಮುಂದೆ ಅವರು ಹತ್ತು ವರ್ಷ ಯುರೋಪಿನ ಸಂಸತ್ತಿನಲ್ಲಿದ್ದರು, 1990ರಲ್ಲಿ ಮೇಲ್ಮನೆಗೆ ಬಂದರು, 2002ರ ಮೇ 3ರಂದು 91ನೇ ವಯಸ್ಸಿನಲ್ಲಿ ತೀರಿಕೊಂಡರು. ಪಿಂಚಣಿಯ ಕೊಂಡಿ ಮತ್ತೆ ಸಂಬಳಕ್ಕೆ ಬೆಸೆದದ್ದು 2011ರ ಹೊತ್ತಿಗೆ. ಅದನ್ನು ನೋಡಲು ಅವರಿರಲಿಲ್ಲ, ಜ್ಯಾಕ್ ಜೋನ್ಸ್ ಕೂಡ ಇರಲಿಲ್ಲ.

ಮಕ್ಕಳ ಭತ್ಯೆಯನ್ನು ಮಾತ್ರ ಅವರು ನೋಡಿದರು. 1979ರ ಏಪ್ರಿಲ್‌ನಲ್ಲೇ ಸಂಸತ್ತು ವಿಸರ್ಜನೆಯಾಯಿತು. 34 ವರ್ಷ ಬ್ಲ್ಯಾಕ್‌ಬರ್ನ್‌ನ ಸಂಸದೆಯಾಗಿದ್ದ ಕ್ಯಾಸಲ್ ಮತ್ತೆ ಅಲ್ಲಿಂದ ಸ್ಪರ್ಧಿಸಲಿಲ್ಲ. ಅದೇ ತಿಂಗಳು ದೇಶದ ಅಂಚೆ ಕಚೇರಿಗಳ ಕಿಟಕಿಯಲ್ಲಿ ತಾಯಂದಿರು ಚೀಟಿ ಪುಸ್ತಕ ಒಳಗೆ ಸರಿಸುತ್ತಿದ್ದರು. ಗುಮಾಸ್ತ ಒಂದು ಹಾಳೆಗೆ ಮುದ್ರೆ ಒತ್ತಿ ಹರಿದುಕೊಂಡು, ಮಗುವಿಗೆ 4 ಪೌಂಡ್‌ನಂತೆ ಎಣಿಸಿ ಕೊಡುತ್ತಿದ್ದ. ಅವರು ಅದನ್ನು ಇನ್ನೊಮ್ಮೆ ಎಣಿಸಿ ಪರ್ಸಿಗೆ ಹಾಕಿಕೊಳ್ಳುತ್ತಿದ್ದರು.